ಹಿರಿಯಳಿಯನ ಸ್ಪಾರ್ಕ್ ಪ್ಲಗ್ಗು

ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ. ನಮ್ಮ ಎದುರು ಮನೆಯವರಿಗೆ ಸಕ್ಕರೆ, ಪಕ್ಕದ ಮನೆಯವರಿಗೆ ಬಿಪಿ, ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗ್ಯಾಸ್ಟ್ರಿಕ್ ಎಂದುಕೊಂಡು ಊಟಕ್ಕೆ ಮೊದಲು ಮಾತ್ರೆ ನುಂಗುವ ಎಷ್ಟೋ ಜನರಿಗೆ ಇರುವುದು ಇದೇ ಎಂದು ನನ್ನ ಬಲವಾದ ಅನುಮಾನ. ಆದರೆ ನನ್ನ ಹೊಟ್ಟೆಕಿಚ್ಚು ಕಂಡಕಂಡವರ ಮೇಲೆ ಹೋಗುವಂಥದ್ದಲ್ಲ, ಅದಕ್ಕೊಂದು ನಿಯತ್ತಿದೆ. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಮೂರು ಮಹಡಿ ಮನೆ ಕಟ್ಟಿಸಿದರು, ನಾನು ಗೃಹಪ್ರವೇಶಕ್ಕೆ ಹೋಗಿ ಎರಡು ಹೋಳಿಗೆ ತಿಂದು ಬಂದೆ, ಏನೂ ಆಗಲಿಲ್ಲ. ನನ್ನ ಜೊತೆಯಲ್ಲೇ ಓದಿದವನೊಬ್ಬ ದೊಡ್ಡ ಅಧಿಕಾರಿಯಾಗಿ ಕೆಂಪು ದೀಪದ ಗಾಡಿಯಲ್ಲಿ ಓಡಾಡಿದ, ಆಗಲೂ ನನಗೆ ಚೆನ್ನಾಗಿ ನಿದ್ದೆ ಬಂತು. ಆದರೆ ಅಮೃತೂರಿನ ಲೋಕೇಶ ಒಂದು ಜೊತೆ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೂ ಸಾಕು, ನನಗೆ ಎರಡು ದಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಲೋಕೇಶ ನನ್ನ ಷಡ್ಡಕ. ನನ್ನ ಹೆಂಡತಿ ಗಿರಿಜಳ ತಂಗಿಯ ಗಂಡ. ಷಡ್ಡಕರ ಸಂಬಂಧ ಎಂಥದ್ದೆಂದು ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಅಳಿಯನಾಗಿ ಹೋದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ತಮ್ಮಂದಿರಾದರೆ ಜಗಳವಾಡಿ ಪಾಲು ಮಾಡಿಕೊಂಡು ಮಾತು ಬಿಡಬಹುದು. ಷಡ್ಡಕರಿಗೆ ಆ ಸೌಕರ್ಯವಿಲ್ಲ. ಒಂದೇ ಜಮಖಾನದ ಮೇಲೆ ಪಕ್ಕಪಕ್ಕದಲ್ಲಿ ಕೂತು, ಒಂದೇ ಅತ್ತೆಯ ಕೈಯಿಂದ ಒಬ್ಬಟ್ಟು ಹಾಕಿಸಿಕೊಂಡು, ಪಕ್ಕದ ಎಲೆಗೆ ಬಿದ್ದ ತುಪ್ಪ ನಮ್ಮ ಎಲೆಗೆ ಬಿದ್ದದ್ದಕ್ಕಿಂತ ಹೆಚ್ಚೋ ಕಮ್ಮಿಯೋ ಎಂದು ಓರೆಗಣ್ಣಲ್ಲಿ ನೋಡಿಕೊಂಡು, ನಗುನಗುತ್ತಾ ಮಾತಾಡಬೇಕು. ಅದರಲ್ಲೂ ಈ ಲೋಕೇಶ ಬರೀ ಅಳಿಯನಲ್ಲ, ನಮ್ಮ ಮಾವ ಸಿದ್ದಲಿಂಗಪ್ಪನವರ ಸ್ವಂತ ತಂಗಿಯ ಮಗ. ಅವರ ಹೆಗಲ ಮೇಲೆ ಕೂತು ಬೆಳೆದವನು. ನಾನಾದರೋ ಜಾತಕ ನೋಡಿ ತಂದ ಹೊರಗಿನ ಸಂಬಂಧ. ಗುಬ್ಬಿಯ ಆ ಮನೆಯ ಬಾಗಿಲಲ್ಲಿ ನಾನು ಕಾಲಿಟ್ಟರೆ ಮಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದು ನಿಂತು, "ಬನ್ನಿ ಮೇಷ್ಟ್ರೇ, ಕೂತ್ಕಳಿ" ಎನ್ನುತ್ತಾರೆ. ಅವನು ಬಂದರೆ ಕೂತಲ್ಲಿಂದಲೇ, "ಏನ್ಲಾ ಲೋಕಿ, ಈಗ್ ಬಂದ್ಯಾ? ಒಳೀಕ್ ಹೋಗಿ ಉಣ್ಣೋಗು" ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ನನಗೆ ಸಲ್ಲುತ್ತಿರುವ ಈ ಮರ್ಯಾದೆಯನ್ನು ಕಂಡು ನನ್ನ ಸಹೋದ್ಯೋಗಿಗಳು ಪುಣ್ಯವಂತ ಅನ್ನುತ್ತಾರೆ. ಆ ಒಂದು 'ಏನ್ಲಾ'ಗೆ ನಾನು ಎಷ್ಟು ಆಸೆಪಟ್ಟಿದ್ದೇನೆಂದು ಅವರಿಗೇನು ಗೊತ್ತು.

ಆದರೂ ಹಿರಿಯ ಅಳಿಯ ಅನ್ನುವ ಕಾರಣಕ್ಕೆ ಎರಡು ವಿಷಯಗಳಲ್ಲಿ ನನ್ನ ಕೈ ಮೇಲಿತ್ತು. ಒಂದು, ಮನೆಯ ಹಿಂದಿನ ಶೆಡ್ಡು. ಮಾವನದು ತೆಂಗಿನ ತೋಟ, ಶೆಡ್ಡಿನ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳ ಅಟ್ಟ, ಕೆಳಗೆ ಸರಿಯಾಗಿ ಒಂದು ಕಾರು ನಿಲ್ಲುವಷ್ಟು ಜಾಗ. ಅಲ್ಲಿ ನಿಲ್ಲುವುದು ನನ್ನ ಕಾರು. ಲೋಕೇಶನ ಗಾಡಿ ಬೀದಿಯಲ್ಲಿ ಬಿಸಿಲಿಗೆ. ಎರಡನೆಯದು ಇದಕ್ಕಿಂತ ದೊಡ್ಡದು. ಪ್ರತಿ ವರ್ಷ ಕಡೇ ಕಾರ್ತೀಕ ಸೋಮವಾರ ಮಾವ ಎಡೆಯೂರಿಗೆ ಹೋಗಿ ಸ್ವಾಮಿಗೆ ಕೈಮುಗಿದು ಬರುತ್ತಾರೆ. ಅವರನ್ನು ಕರೆದುಕೊಂಡು ಹೋಗುವುದು ನಾನು, ನನ್ನ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು. ಹನ್ನೆರಡು ವರ್ಷದಿಂದ ನಡೆದು ಬಂದದ್ದು. ದಾರಿಯುದ್ದಕ್ಕೂ ಅವರು ಮಾತಾಡುವುದು ಕಮ್ಮಿ, ಮಾತಾಡಿದರೆ ತೆಂಗಿನ ನುಸಿ ರೋಗದ ವಿಷಯ. ಆದರೆ ಆ ಅರ್ಧ ದಿನ ಅವರು ನನ್ನವರು. ಲೋಕೇಶ ನಡುವೆ ಇರುತ್ತಿರಲಿಲ್ಲ.

ಹೀಗಿರುವಾಗ ಹೋದ ಯುಗಾದಿಗೆ ಲೋಕೇಶ ಹೊಸ ಕಾರು ತಂದ. ಅಮೃತೂರಿನಲ್ಲಿ ಅವನದು ಬೋರ್‌ವೆಲ್ ಮೋಟರಿನ ಅಂಗಡಿ. ಸುತ್ತಲ ಹಳ್ಳಿಗಳಲ್ಲಿ ಯಾರ ಮೋಟರ್ ಸುಟ್ಟರೂ ಅವನಿಗೆ ಒಳ್ಳೆಯದು. ಬಿಳಿಯ, ಎತ್ತರದ, ಮೇಲೆ ಕಿಟಕಿಯಿರುವ ಪೆಟ್ರೋಲ್ ಗಾಡಿ. ನಮ್ಮದು ಹದಿನಾಲ್ಕು ವರ್ಷದ ಹಳೆಯ ಸಣ್ಣ ಕಾರು, ಒಂದು ಕಾಲದಲ್ಲಿ ನೀಲಿ. ಅವನು ಗಾಡಿಯನ್ನು ತಂದು ಮಾವನ ಮನೆಯ ಮುಂದೆ ನಿಲ್ಲಿಸಿ ಎಲ್ಲರಿಗೂ ಪೇಡ ಹಂಚಿದ. ನನಗೆ ಎರಡು ಕೊಟ್ಟು, "ಅಣ್ಣಾ, ನೀವೇ ಮೊದ್ಲು ಓಡಿಸ್ಬೇಕು" ಎಂದು ಕೀ ಕೈಗಿಟ್ಟ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ನೋಡಿ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ನಾನು ಮಂಡಿ ನೋವಿನ ನೆಪ ಹೇಳಿ ಕೀ ವಾಪಸ್ ಕೊಟ್ಟೆ.

ಅದಾಗಿ ಎರಡು ತಿಂಗಳಿಗೆ ನಮ್ಮ ಕಾರಿಗೆ ಕಾಯಿಲೆ ಶುರುವಾಯಿತು. ಅಮಾವಾಸ್ಯೆಗೆ ಗುಬ್ಬಿಗೆ ಹೋಗಿ ಒಂದು ದಿನ ಇದ್ದು ಬರುವುದು ನಮ್ಮ ಪದ್ಧತಿ. ವಾಪಸ್ ಬರುವಾಗ ಹೆಗ್ಗೆರೆ ಹತ್ತಿರ ಕಾರು ಬಿಕ್ಕಳಿಸತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಹೋಗುವ ಬದಲು ಕುಕ್ಕುತ್ತದೆ, ಸಿಗ್ನಲ್ಲಿನಲ್ಲಿ ನಿಂತರೆ ಮಲೇರಿಯಾ ಬಂದಂತೆ ನಡುಗುತ್ತದೆ. ಹಿಂದಿನಿಂದ ಬಂದ ಖಾಸಗಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಯಜಮಾನ್ರೇ, ಸೈಡಿಗೆ ಹಾಕ್ಕಳಿ" ಎಂದು ಉಪದೇಶ ಮಾಡಿ ಹೋದ. ಗಿರಿಜ ಮೂಗರಳಿಸಿ, "ರೀ, ಗಾಣದ ಮನೆ ವಾಸನೆ ಬರ್ತಿದೆ ಕಣ್ರೀ" ಅಂದಳು. ನಾನು, "ಡಿಕ್ಕೀಲಿ ನಿಮ್ಮಪ್ಪ ಕೊಟ್ಟ ಕಾಯಿ ಮೂಟೆ ಇದೆ, ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ" ಎಂದು ರೇಗಿದೆ. ಹೆಂಡತಿಯ ಮೂಗನ್ನು ನಂಬಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು.

ನಮ್ಮ ಮೆಕ್ಯಾನಿಕ್ ಮುನೀರ್ ಭಾಯ್ ಅವರ ಗ್ಯಾರೇಜು ಸತ್ಯಮಂಗಲದಲ್ಲಿದೆ. ಅವರು ಕಾರಿನ ಮುಂದೆ ನಿಂತು ಸದ್ದನ್ನು ಕೇಳುವುದನ್ನು ನೋಡಿದರೆ ಹಳೆಯ ಕಾಲದ ವೈದ್ಯರು ನಾಡಿ ಹಿಡಿದ ನೆನಪಾಗುತ್ತದೆ. ಬಾನೆಟ್ ಎತ್ತಿ, ಇಂಜಿನ್ನಿನ ನೆತ್ತಿಯ ಮೇಲಿನ ನಾಲ್ಕು ದಪ್ಪ ವೈರುಗಳಲ್ಲಿ ಒಂದೊಂದನ್ನೇ ಎಳೆದರು. ಪ್ರತಿ ವೈರಿನ ತುದಿಯಲ್ಲೂ ಉದ್ದನೆಯ ರಬ್ಬರ್ ಟೋಪಿ, ಅದು ಕೂರುವುದು ಒಂದು ಗುಂಡಿಯಲ್ಲಿ, ಆ ಗುಂಡಿಯ ತಳದಲ್ಲಿ ಸ್ಪಾರ್ಕ್ ಪ್ಲಗ್ಗು. ಹೊರಗೆ ಬಂದ ರಬ್ಬರ್ ಟೋಪಿ ಎಣ್ಣೆಯಲ್ಲಿ ಮಿಂದಿತ್ತು. ಮಾಸಲು ಕಂದು ಬಣ್ಣದ, ಧೂಳು ಕಲೆತ ಎಣ್ಣೆ. ಇಂಜಿನ್ನೇ ಹೋಯಿತು ಅಂದುಕೊಂಡೆ.

"ಗಾಬರಿ ಆಗ್ಬೇಡಿ ಸಾರ್, ಮೊದ್ಲು ಎಣ್ಣೆ ಎಲ್ಲಿದೆ ಅಂತ ನೋಡ್ಬೇಕು" ಎಂದು ಅವರು ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. "ಪ್ಲಗ್ಗಿಗೆ ಎರಡು ತುದಿ. ಕೆಳಗಡೆ, ಕಿಡಿ ಹಾರೋ ತುದೀಲಿ ಎಣ್ಣೆ ಇದ್ರೆ ಒಳಗಡೆ ಪಿಸ್ಟನ್ ರಿಂಗ್ ಹೋಗಿದೆ ಅಂತ ಅರ್ಥ. ಇಂಜಿನ್ನೇ ಬಿಚ್ಚಬೇಕು. ಕೆಳಗೆ ಒಣಗಿದ್ದು ಮೇಲ್ಗಡೆ ಗುಂಡೀಲಿ ಮಾತ್ರ ಎಣ್ಣೆ ಇದ್ರೆ ಅಷ್ಟೊಂದು ಭಯ ಇಲ್ಲ. ಗುಂಡಿ ಸುತ್ತ ಇರೋ ಸೀಲು ಗಟ್ಟಿಯಾಗಿ ಮೇಲಿಂದ ಎಣ್ಣೆ ಇಳೀತಿರುತ್ತೆ. ಎಣ್ಣೇಲಿ ಮುಳುಗಿದ್ ರಬ್ಬರ್ ಊದಿಕೊಳ್ಳುತ್ತೆ, ಕಿಡಿ ಸರಿಯಾಗಿ ಹೋಗಲ್ಲ, ಗಾಡಿ ಮಿಸ್ ಹೊಡೆಯುತ್ತೆ." ನಮ್ಮ ಪ್ಲಗ್ಗುಗಳ ಕೆಳತುದಿ ಬಿಸ್ಕತ್ತಿನ ಬಣ್ಣದಲ್ಲಿ ಒಣಗಿತ್ತು. ಮುನೀರ್ ಭಾಯ್ ಮೇಲಿನ ಮುಚ್ಚಳ ಬಿಚ್ಚಿ, ಕಲ್ಲಿನಂತಾಗಿದ್ದ ಹಳೆಯ ಸೀಲುಗಳನ್ನು ಚಿವುಟಿ ತೋರಿಸಿ, ಹೊಸ ಸೀಲು, ಹೊಸ ಪ್ಯಾಕಿಂಗ್ ಹಾಕಿ, ಗುಂಡಿಗಳನ್ನು ಒರೆಸಿ ಕೊಟ್ಟರು. ಕಾರು ಹೂವಿನ ಹಾಗೆ ಓಡಿತು. ಮರಳೂರಿನ ನಮ್ಮ ಮನೆಗೆ ಬಂದು ಗಿರಿಜಳಿಗೆ ಪ್ಲಗ್ಗಿನ ಎರಡು ತುದಿಗಳ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತಾ ಕೇಳಿಸಿಕೊಂಡಳು.

ಮುಂದಿನ ಅಮಾವಾಸ್ಯೆಗೆ ಗುಬ್ಬಿಗೆ ಹೋದೆವು. ವಾಪಸ್ ಬರುವಾಗ ಅದೇ ಹೆಗ್ಗೆರೆ, ಅದೇ ಬಿಕ್ಕಳಿಕೆ. ಮತ್ತೆ ಸತ್ಯಮಂಗಲ. ಗುಂಡಿಗಳಲ್ಲಿ ಮತ್ತೆ ಎಣ್ಣೆ. ಮುನೀರ್ ಭಾಯ್ ಮುಖ ಸಪ್ಪಗಾಯಿತು. "ಸಾರ್, ಮೂವತ್ತು ವರ್ಷದಿಂದ ಕೆಲಸ ಮಾಡ್ತಿದೀನಿ, ನಾನು ಕೂರಿಸಿದ ಸೀಲು ಸೋರಿದ್ದೇ ಇಲ್ಲ" ಎಂದರು. ತಪ್ಪು ತಮ್ಮದೇ ಇರಬಹುದೆಂದು ಸೀಲನ್ನು ಮತ್ತೆ ಬದಲಾಯಿಸಿದರು. ಹದಿನೈದು ದಿನ ನೆಟ್ಟಗಿತ್ತು. ಆಮೇಲೆ ಮತ್ತೆ ಅಮಾವಾಸ್ಯೆ, ಮತ್ತೆ ಗುಬ್ಬಿ, ಮತ್ತೆ ಎಣ್ಣೆ. ಇದು ತಿಂಗಳ ಮಾಮೂಲಾಯಿತು. ಮುನೀರ್ ಭಾಯ್ ನನ್ನನ್ನು ಕಂಡರೆ ಬೇರೆ ಗಾಡಿಯ ಕೆಳಗೆ ತೂರಿಕೊಳ್ಳುವಂತಾದರು.

ಈಗ ನಾಚಿಕೆಯಾಗುವ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಆಗ ನನ್ನ ಕಾರಿನಲ್ಲಿ ಎಣ್ಣೆ ಇರುವುದಕ್ಕಿಂತ ಲೋಕೇಶನ ಕಾರಿನಲ್ಲಿ ಎಣ್ಣೆ ಇಲ್ಲದಿರುವುದು ಹೆಚ್ಚು ನೋವು ಕೊಡುತ್ತಿತ್ತು. ಅವನದು ಹೊಸ ಗಾಡಿ, ಇರುವುದಾದರೂ ಹೇಗೆ ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚಿಗೆ ತರ್ಕ ಇದ್ದಿದ್ದರೆ ಅದನ್ನು ನಾನು ಕಾಲೇಜಿನಲ್ಲೇ ಪಾಠ ಮಾಡುತ್ತಿದ್ದೆ. ಒಂದು ಭಾನುವಾರ ಕುಣಿಗಲ್ಲಿನಲ್ಲಿ ಯಾರದೋ ಮದುವೆ ಮುಗಿಸಿಕೊಂಡು, ಹಾಗೇ ನೋಡಿಕೊಂಡು ಹೋಗೋಣ ಎಂದು ಅಮೃತೂರಿಗೆ ಹೋದೆ. ಕಾಫಿ ಕುಡಿದು, "ನಿನ್ನ ಇಂಜಿನ್ ಹೇಗಿದೆ, ನೋಡೋಣ ಬಾನೆಟ್ ಎತ್ತು" ಅಂದೆ. ಅವನು ಸಂತೋಷದಿಂದ ಎತ್ತಿದ. ಮೇಲೆ ಒಂದು ಅಗಲವಾದ ಪ್ಲಾಸ್ಟಿಕ್ ಮುಚ್ಚಳ. "ಇದನ್ನೂ ತೆಗಿ" ಅಂದೆ. "ಅಣ್ಣಾ, ಯಾಕೆ?" ಅಂದ. "ಸುಮ್ನೆ, ಜ್ಞಾನಕ್ಕೆ" ಅಂದೆ. ಅವನು ಸ್ಪ್ಯಾನರ್ ತಂದು ಬಿಚ್ಚಿ, ಒಳಗಿನ ಟೋಪಿಗಳನ್ನೂ ಎಳೆದಿಟ್ಟ. ನಾನು ಕನ್ನಡಕ ಏರಿಸಿಕೊಂಡು ನಾಲ್ಕು ಗುಂಡಿಗಳಿಗೂ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಒಂದು ಹನಿ ಎಣ್ಣೆಯಿಲ್ಲ. ಬೇಕಾದರೆ ಅಲ್ಲಿ ಅಕ್ಕಿ ಹಾಕಿಡಬಹುದಿತ್ತು. "ಪರವಾಗಿಲ್ಲ, ಚೆನ್ನಾಗಿದೆ" ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. "ನಿಮ್ದು ಮಿಸ್ ಹೊಡೀತಿದೆ ಅಂತ ಮಾವ ಹೇಳ್ತಿದ್ರು. ನಾನೊಂದ್ಸಲ ನೋಡ್ಲಾ ಅಣ್ಣಾ?" ಅಂದ ಅವನು. ಬೇಡ ಅಂದೆ. ಮಾವ ಅದನ್ನು ಅವನ ಹತ್ತಿರ ಮಾತಾಡಿದ್ದಾರೆ ಅನ್ನುವುದೇ ಸಾಕಾಗಿತ್ತು ನನಗೆ.

ಪೆಟ್ಟು ಬಿದ್ದದ್ದು ಕಾರ್ತೀಕದಲ್ಲಿ. ಕಡೇ ಸೋಮವಾರಕ್ಕೆ ಹತ್ತು ದಿನ ಇರುವಾಗ ಮಾವನ ಫೋನ್ ಬಂತು. ಅವರು ಅಪರೂಪಕ್ಕೆ ಫೋನ್ ಮಾಡುವವರು. "ಮೇಷ್ಟ್ರೇ, ನಿಮ್ ಗಾಡಿ ಯಾಕೋ ತೊಂದ್ರೆ ಕೊಡ್ತಾ ಐತಲ್ಲ. ಎಡೆಯೂರಿಗೆ ಈ ಸಲ ಲೋಕಿ ಗಾಡೀಲಿ ಹೋಗ್ಬುಡ್ಲಾ? ನಿಮಗ್ಯಾಕೆ ತೊಂದ್ರೆ" ಎಂದರು. ಇಷ್ಟೇ. ಅವರು ಮರ್ಯಾದೆಯಿಂದಲೇ ಕೇಳಿದ್ದು. ಆದರೆ ಲೋಕೇಶನ ಎತ್ತರದ ಗಾಡಿಯ ಮುಂದಿನ ಸೀಟಿನಲ್ಲಿ ಮಾವ ಕೂತು ಕುಣಿಗಲ್ ಕೆರೆ ಏರಿಯ ಮೇಲೆ ಹೋಗುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಒಂದು ಸಲ ಕೂತರೆ ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ. ಆಮೇಲೆ ಶೆಡ್ಡು. ಆಮೇಲೆ ನಾನು ಬೀದಿಯ ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಮರ್ಯಾದೆಯ ಕುರ್ಚಿಯ ಮೇಲೆ ಕೂತು, ಮರ್ಯಾದೆಯ ಕಾಫಿ ಕುಡಿದು ಬರುವ ನೆಂಟ. "ಬೇಡ ಮಾವ, ರಿಪೇರಿ ಮಾಡಿಸ್ತಿದೀನಿ, ನಾನೇ ಬರ್ತೀನಿ" ಎಂದು ಹೇಳಿ ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೇ ಸತ್ಯಮಂಗಲಕ್ಕೆ ಹೋದೆ. ಹಿಂದಿನ ದಿನವೇ ಕಾರನ್ನು ಅಲ್ಲಿ ಬಿಟ್ಟಿದ್ದೆ. ಚಳಿ ಜೋರಾಗಿತ್ತು, ಮುನೀರ್ ಭಾಯ್ ಮಫ್ಲರ್ ಸುತ್ತಿಕೊಂಡು ಬಾನೆಟ್ ಎತ್ತಿ ಮೊದಲ ವೈರು ಎಳೆದರು. ರಬ್ಬರ್ ಟೋಪಿಯ ಸುತ್ತ ತುಪ್ಪದ ಹಾಗೆ ಬೆಳ್ಳಗೆ ಏನೋ ಮೆತ್ತಿಕೊಂಡು ಬಂತು. ಅವರು ಬೆರಳಲ್ಲಿ ತೆಗೆದು ಉಜ್ಜಿದರು, ಕರಗಿತು. ಮೂಸಿದರು. ಅದನ್ನು ಒಣಗಿದ ಮುಂಗೈಗೆ ಸವರಿಕೊಂಡರು. "ಸಾರ್, ಚಳಿಗೆ ಇಂಜಿನ್ ಆಯಿಲ್ ಹೆಪ್ಪುಗಟ್ಟಲ್ಲ. ಇದು ಕೊಬ್ಬರಿ ಎಣ್ಣೆ. ಇಷ್ಟು ದಿನ ಬಿಸಿಗೆ ಕರಗಿ, ಧೂಳು ಸೇರಿ ಗೊತ್ತಾಗ್ಲಿಲ್ಲ. ನನ್ ಸೀಲು ಸೋರ್ತಿಲ್ಲ, ಯಾರೋ ಮೇಲಿಂದ ಹಾಕ್ತಿದಾರೆ" ಎಂದರು. ಅವರ ಮುಖದಲ್ಲಿ ಆರು ತಿಂಗಳಿಂದ ಕಾಣದ ಕಳೆ ಬಂತು. ನಾನು ಇಪ್ಪತ್ತೆಂಟು ವರ್ಷದಿಂದ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತಿರುವವನು. ಯಾವ ಎಣ್ಣೆ ಎಷ್ಟು ಚಳಿಗೆ ಗಟ್ಟಿಯಾಗುತ್ತದೆಂದು ಬೋರ್ಡಿನ ಮೇಲೆ ಬರೆಯುವವನು. ಅದನ್ನು ಮುನೀರ್ ಭಾಯ್ ಅವರಿಗೆ ಹೇಳಲಿಲ್ಲ.

ಯಾರೋ ಏನು, ನನಗೆ ಆ ಕ್ಷಣವೇ ಗೊತ್ತಾಯಿತು. ಲೋಕೇಶ. ಮೋಟರ್ ಬಿಚ್ಚುವವನಿಗೆ ಪ್ಲಗ್ಗಿನ ಗುಂಡಿ ಗೊತ್ತಿಲ್ಲದೆ ಇರುತ್ತದೆಯೇ? ಅಮಾವಾಸ್ಯೆಗೆ ಅವನೂ ಗುಬ್ಬಿಗೆ ಬರುತ್ತಾನೆ. ಕೊಬ್ಬರಿ ಎಣ್ಣೆ ಆ ಮನೆಯಲ್ಲಿ ಕೊಡಗಟ್ಟಲೆ ಇದೆ. ಎಡೆಯೂರು ಅವನಿಗೆ ಬೇಕು. ಪೇಡ ಎರಡು ಕೊಟ್ಟದ್ದು ಯಾಕೆಂದು ಈಗ ಗೊತ್ತಾಯಿತು. ಮನೆಗೆ ಬಂದು ಗಿರಿಜಳಿಗೆ ಹೇಳಿದರೆ, "ನಿಮಗೆ ತಲೆ ಕೆಟ್ಟಿದೆ. ಲೋಕಿ ಅಂಥೋನಲ್ಲ. ಮೊದಲನೇ ದಿನವೇ ಗಾಣದ ವಾಸನೆ ಅಂದಿದ್ದೆ, ಕೇಳಿದ್ರಾ?" ಎಂದಳು. ನಿಜ ಹೇಳಬೇಕೆಂದರೆ ನನಗೆ ಕೋಪ ಬಂದಿರಲಿಲ್ಲ, ಆನಂದವಾಗಿತ್ತು. ಆರು ತಿಂಗಳಿಂದ ಅವನಲ್ಲಿ ಒಂದು ತಪ್ಪು ಹುಡುಕುತ್ತಿದ್ದವನಿಗೆ ಇಷ್ಟು ದೊಡ್ಡದು ಸಿಕ್ಕಿತ್ತು. ಕೈಯಾರೆ ಹಿಡಿದು ಮಾವನ ಮುಂದೆ ನಿಲ್ಲಿಸುವುದೊಂದು ಬಾಕಿ.

ಕಡೇ ಸೋಮವಾರದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಗುಂಡಿಗಳನ್ನು ಚೊಕ್ಕಟ ಮಾಡಿಸಿಕೊಂಡು ಗುಬ್ಬಿಗೆ ಹೋದೆವು. ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದೆ. ಲೋಕೇಶನ ಸಂಸಾರ ಆಗಲೇ ಬಂದಿತ್ತು. ತಿಂಡಿ ಮುಗಿಸಿ, ಪೇಟೆಗೆ ಹೋಗಿ ಬರ್ತೀನಿ ಎಂದು ಹೇಳಿ, ಹಿತ್ತಿಲ ಕಡೆಯಿಂದ ಬಂದು ಏಣಿ ಹತ್ತಿ ಅಟ್ಟ ಸೇರಿದೆ. ಐವತ್ತನಾಲ್ಕು ವರ್ಷದ ಉಪನ್ಯಾಸಕನೊಬ್ಬ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಸಾವಿರಾರು ತೆಂಗಿನಕಾಯಿಗಳ ಮೇಲೆ ಬೋರಲು ಮಲಗಿ, ತಡಿಕೆಯ ಸಂದಿಯಲ್ಲಿ ತನ್ನ ಕಾರನ್ನು ತಾನೇ ಇಣುಕಿ ನೋಡುತ್ತಿರುವುದನ್ನು ನನ್ನ ವಿದ್ಯಾರ್ಥಿಗಳು ಕಂಡಿದ್ದರೆ ಏನೆನ್ನುತ್ತಿದ್ದರೋ. ಪಕ್ಕೆಗೆ ಕಾಯಿ ಒತ್ತುತ್ತಿತ್ತು, ಮೂಗಿಗೆ ಜೇಡರ ಬಲೆ.

ಅರ್ಧ ಗಂಟೆಯಲ್ಲಿ ಲೋಕೇಶ ಬಂದೇಬಿಟ್ಟ. ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಬಗ್ಗಿದ. ಮುಂದಿನ ಚಕ್ರವನ್ನು ಕಾಲಿನಿಂದ ಒತ್ತಿ ನೋಡಿದ. "ಥೂ, ಅಣ್ಣ ಗಾಳೀನೇ ನೋಡ್ಸಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೊರಗೆ ಹೋಗಿ, ತನ್ನ ಗಾಡಿಯಿಂದ ಗಾಳಿ ಹೊಡೆಯುವ ಪಂಪು ತಂದು, ಬೆವರು ಸುರಿಸಿಕೊಂಡು ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿಸಿ ಹೋದ. ಬಾನೆಟ್ ಮುಟ್ಟಲಿಲ್ಲ. ಕಳ್ಳನನ್ನು ಹಿಡಿಯಲು ಬಂದವನಿಗೆ ಧರ್ಮಾತ್ಮ ಸಿಕ್ಕರೆ ಎಂಥ ನಿರಾಸೆಯಾಗುತ್ತದೆಂದು ಆವತ್ತು ತಿಳಿಯಿತು. ಇಳಿದುಬಿಡೋಣ ಎಂದು ಮೊಣಕೈ ಊರಿದೆ. ಅಷ್ಟರಲ್ಲಿ ಮಾವ ಬಂದರು, ಹಿಂದೆ ಅತ್ತೆ.

ಮಾವನ ಕೈಯಲ್ಲಿ ಎಣ್ಣೆಯ ಗಿಂಡಿ, ಒಂದು ಚಮಚ. ಅವರು ನನ್ನ ಕಾರಿನ ಬಾನೆಟ್ಟನ್ನು ದೇವರ ಪೆಟ್ಟಿಗೆಯ ಮುಚ್ಚಳ ಎತ್ತುವಂತೆ ಎತ್ತಿದರು. ಮೊದಲ ವೈರನ್ನು ಸ್ವಲ್ಪ ಮೇಲೆ ಎಳೆದು, ಗುಂಡಿಗೆ ಎರಡು ಚಮಚ ಎಣ್ಣೆ ಬಿಟ್ಟು, ಮತ್ತೆ ಒತ್ತಿದರು. ಎರಡನೆಯದು. ಮೂರನೆಯದು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, "ಅದ್ಕೆ ಎಣ್ಣೆ ಬಿಡ್ಬೇಕು ಅಂತ ನಿಮಗ್ಯಾರು ಹೇಳಿದ್ದು?" ಅಂದರು.

"ಯಾರು ಹೇಳ್ಬೇಕು? ನಿನ್ ಹೊಲಿಗೆ ಮಿಷನ್ನಿಗೆ ಮೇಲ್ಗಡೆ ತೂತು ಇಲ್ವಾ? ಅದ್ರೊಳೀಕೆ ನೀನೇನ್ ನೀರು ಬಿಡ್ತೀಯಾ? ಮಿಷನ್ ಅಂದ್ಮೇಲೆ ತೂತು ಇರೋದೇ ಎಣ್ಣೆ ಬಿಡಕ್ಕೆ."

"ಹಂಗಾದ್ರೆ ಲೋಕಿ ಗಾಡಿಗೂ ಬಿಡಿ."

"ಅವ್ನ್ಗೇನೇ, ಮಿಷನ್ ಗೊತ್ತಿರೋನು, ಅವ್ನೇ ನೋಡ್ಕತಾನೆ. ಮೇಷ್ಟ್ರು ಪಾಪ, ಪುಸ್ತಕದ ಮನುಷ್ಯ. ಟೈರ್‌ಗೆ ಗಾಳಿ ಐತಾ ಇಲ್ವಾ ಅದೂ ಗೊತ್ತಾಗಲ್ಲ ಅವ್ರಿಗೆ." ಮಾವ ನಾಲ್ಕನೆಯ ಗುಂಡಿಗೆ ಚಮಚ ಬಗ್ಗಿಸಿದರು. "ಯುಗಾದಿ ದಿವ್ಸ ಲೋಕಿ ಹೊಸ ಗಾಡಿ ತಂದಾಗ ಮೇಷ್ಟ್ರು ಮುಖ ನೋಡಿದ್ಯಾ ನೀನು? ಇಷ್ಟೇ ಇಷ್ಟಾಗೋಯ್ತು. ನಂಗೆ ನೋಡಕ್ಕಾಗ್ಲಿಲ್ಲ ಕಣೇ. ಅವ್ರಿಗೆ ಹೊಸ ಗಾಡಿ ಕೊಡ್ಸಕ್ಕೆ ನನ್ ಕೈಲಾಗಲ್ಲ, ಕೊಡ್ಸಿದ್ರೂ ಅವ್ರು ಈಸ್ಕಳಲ್ಲ. ಇರೋದೇ ಇನ್ನೊಂದ್ ಹತ್ತು ವರ್ಷ ಓಡ್ಲಿ ಅಂತ ನಮ್ ಗಾಣದ ಎಣ್ಣೆ ಬಿಡ್ತಿದೀನಿ."

ನನ್ನ ಮೊಣಕೈ ಕೆಳಗಿನ ಕಾಯಿಯೊಂದು ಜಾರಿ, ತಡಿಕೆಯ ಮೇಲೆ ಉರುಳಿ, ಕೆಳಗೆ ದೊಪ್ಪನೆ ಬಿತ್ತು. ಅತ್ತೆ ಮೇಲೆ ನೋಡಿ, "ಹೆಗ್ಗಣ ಸೇರ್ಕಂಡೈತೆ" ಅಂದರು. ಹೆಗ್ಗಣ ಉಸಿರು ಬಿಗಿಹಿಡಿದು ಮಲಗಿತ್ತು. ಅದರ ಕಣ್ಣಲ್ಲಿ ನೀರು ಬಂದಿತ್ತು, ಧೂಳಿಗೋ ಏನೋ. ಯಾರಿಗೂ ಕಾಣಿಸದಂತೆ ಎಷ್ಟೋ ಜಾಣತನದಿಂದ ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ನನ್ನ ಹೊಟ್ಟೆಕಿಚ್ಚನ್ನು ಆ ಮುದುಕ ಯುಗಾದಿಯ ದಿನವೇ ಓದಿ, ಬೈಯದೆ, ನಗದೆ, ಅದಕ್ಕೆ ತಿಂಗಳು ತಿಂಗಳೂ ಎಣ್ಣೆ ಹಚ್ಚುತ್ತಾ ಬಂದಿದ್ದರು. ನನಗಾದ ಸಂತೋಷವನ್ನು ಹೇಗೆ ಹೇಳಲಿ. ಪಾಪ ಎಂದದ್ದು, ಗಾಳಿ ಗೊತ್ತಾಗಲ್ಲ ಎಂದದ್ದು ಚುಚ್ಚಿತು, ಇಲ್ಲ ಅನ್ನುವುದಿಲ್ಲ. ಆದರೆ ಲೋಕೇಶನಿಗಿಲ್ಲದ ಎಣ್ಣೆ ನನಗಿತ್ತು.

ಮಾವ ಊಟ ಮಾಡಿ ಮಲಗಿದ ಮೇಲೆ, ಮುನೀರ್ ಭಾಯ್ ಹೇಳಿಕೊಟ್ಟಿದ್ದ ಹಾಗೆ ಉದ್ದನೆಯ ಕಡ್ಡಿಗೆ ಬಟ್ಟೆ ಸುತ್ತಿ ನಾಲ್ಕೂ ಗುಂಡಿಗಳ ಎಣ್ಣೆಯನ್ನು ಅದ್ದಿ ತೆಗೆದೆ, ರಬ್ಬರ್ ಟೋಪಿಗಳನ್ನು ಒರೆಸಿ ಕೂರಿಸಿದೆ. ಮರುದಿನ ಎಡೆಯೂರಿಗೆ ಮಾವ ನನ್ನ ಪಕ್ಕದಲ್ಲೇ ಕೂತರು. ಕುಣಿಗಲ್ ಕೆರೆ ಏರಿಯ ಮೇಲೆ ಕಾರು ಒಂದು ಸಲವೂ ಕುಕ್ಕಲಿಲ್ಲ. ಮಾವ ಡ್ಯಾಶ್‌ಬೋರ್ಡನ್ನು ಸವರಿ, "ಮೇಷ್ಟ್ರೇ, ನಿಮ್ಗೆ ಗೊತ್ತಿಲ್ದಂಗೆ ಒಂದ್ ಔಷಧಿ ಮಾಡಿದೀನಿ, ಬೇಜಾರಾಗ್ಬೇಡಿ. ಹೆಂಗ್ ಓಡ್ತಾ ಐತೆ ನೋಡಿ" ಎಂದರು. ನಿಜ ಹೇಳುವ ಸಮಯ ಅದೇ ಆಗಿತ್ತು. ನಾನು, "ಹೌದು ಮಾವ, ನಿಮ್ಮ ಕೈಗುಣ. ಬಹಳ ಫರಕ್ ಬಂದಿದೆ" ಅಂದೆ. ಅವರು ಮೀಸೆಯಲ್ಲೇ ನಕ್ಕರು. ಅಂದಿನಿಂದ ನಮ್ಮ ವ್ಯವಸ್ಥೆ ಹೀಗೆ. ಅಮಾವಾಸ್ಯೆಗೆ ಅವರು ಎಣ್ಣೆ ಬಿಡುತ್ತಾರೆ, ವಾಪಸ್ ಬರುವಾಗ ಊರಾಚೆ ಒಂದು ಹುಣಸೆ ಮರದಡಿ ನಿಲ್ಲಿಸಿ ನಾನು ಒರೆಸುತ್ತೇನೆ. ಗಿರಿಜ ಕಾರಿನಲ್ಲೇ ಕೂತು, "ಹೇಳ್ಬಾರ್ದಾ ಅಪ್ಪಂಗೆ" ಅನ್ನುತ್ತಾಳೆ. ಹೇಳುವುದೆಂತು? ಹೇಳಿದರೆ ನಿಲ್ಲಿಸಿಬಿಡುತ್ತಾರೆ.

ಮೊನ್ನೆ ಅಮೃತೂರಿನಿಂದ ಲೋಕೇಶನ ಫೋನ್ ಬಂತು. "ಅಣ್ಣಾ, ನನ್ ಗಾಡಿ ಯಾಕೋ ಮಿಸ್ ಹೊಡೀತಿದೆ. ಬಿಚ್ಚಿ ನೋಡಿದ್ರೆ ಪ್ಲಗ್ ಗುಂಡೀಲಿ ಎಣ್ಣೆ. ನಿಮ್ದೂ ಹಿಂಗೇ ಆಗಿತ್ತಲ್ವಾ?" ಈ ಒಂದು ಮಾತಿಗಾಗಿ ನಾನು ಅವನ ಮನೆಗೆ ಹೋಗಿ ಬಾನೆಟ್ ಎತ್ತಿಸಿ ಟಾರ್ಚ್ ಬಿಟ್ಟು ನೋಡಿದ್ದವನು. ಕುಣಿದಾಡಬೇಕಿತ್ತು. ನಾನು ಕೇಳಿದ್ದು ಒಂದೇ, "ಯಾವಾಗಿನಿಂದ?"

"ಹೋದ ಅಮಾವಾಸ್ಯೆಗೆ ಮಾವನ ಮನೆಗೆ ಬಂದು ಹೋದಾಗಿಂದ ಅಣ್ಣಾ."

ಫರಕ್ ಬಂದಿದೆ ಎಂದು ಬಾಯಿ ಹಾಳು ಮಾಡಿಕೊಂಡವನು ನಾನೇ. ಕೈಗುಣವನ್ನು ಅಷ್ಟು ಹೊಗಳಿದ ಮೇಲೆ ಮಾವ ಸ್ವಂತ ತಂಗಿಯ ಮಗನ ಗಾಡಿಯನ್ನು ಒಣಗಲು ಬಿಡುತ್ತಾರೆಯೇ? ಅದೂ ಆ ಗಾಡಿಗೆ ಮೇಲೆ ಪ್ಲಾಸ್ಟಿಕ್ ಮುಚ್ಚಳ ಬೇರೆ. ಎಪ್ಪತ್ತೆಂಟು ವರ್ಷದ ಮನುಷ್ಯ ಬೀದಿಯ ಬಿಸಿಲಿನಲ್ಲಿ ನಿಂತು, ಸ್ಪ್ಯಾನರ್ ಹಿಡಿದು, ಅದನ್ನು ಬಿಚ್ಚಿ ಹಾಕಿದ್ದಾರೆ. ನನ್ನದಕ್ಕೆ ಬಿಚ್ಚುವ ಕಷ್ಟವೇ ಇರಲಿಲ್ಲ.

"ಎಣ್ಣೆ ಎಷ್ಟಿದೆ?" ಎಂದು ಕೇಳಿದೆ.

"ನಾಲ್ಕು ಗುಂಡೀನೂ ತುಂಬಿ ತುಳುಕ್ತಾ ಇದೆ ಅಣ್ಣಾ."

ತುಂಬಿ ತುಳುಕುತ್ತಿದೆಯಂತೆ. ನನ್ನ ಕಾರಿಗೆ ಗುಂಡಿಗೆ ಎರಡು ಚಮಚ, ಅಟ್ಟದ ಮೇಲೆ ಮಲಗಿ ನಾನೇ ಎಣಿಸಿದ್ದೇನೆ. "ಏನಿಲ್ಲಪ್ಪ, ಸೀಲ್ ಹೋಗಿರುತ್ತೆ. ಬದಲಾಯಿಸ್ಕೋ, ಸರಿಹೋಗುತ್ತೆ" ಎಂದು ಹೇಳಿ ಫೋನ್ ಇಟ್ಟೆ. ಪಕ್ಕದಲ್ಲಿದ್ದ ಗಿರಿಜ ನನ್ನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು.

ಬರುವ ಶುಕ್ರವಾರ ಅಮಾವಾಸ್ಯೆ. ಯುಗಾದಿಯ ದಿನ ನನ್ನ ಮುಖ ಎಷ್ಟು ಸಣ್ಣಗಾಗಿತ್ತೋ ನನಗೆ ಸರಿಯಾಗಿ ನೆನಪಿಲ್ಲ. ಅದಕ್ಕಿಂತ ಒಂದಿಷ್ಟಾದರೂ ಸಣ್ಣಗೆ ಮಾಡಿಕೊಂಡು ಮಾವನ ಮುಂದೆ ಹೋಗಿ ನಿಲ್ಲಬೇಕೆಂದು, ಎರಡು ದಿನದಿಂದ ಬಚ್ಚಲ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ.